ಹಬ್ಬದ ಮಾರನೆ ದಿನ ಕುಂಟಿದ ಕಾರು

ಕೆರೆ ಏರಿಯ ತಿರುವಿನಲ್ಲಿ ಹಾಲಿನ ತಿಮ್ಮರಾಯಪ್ಪ ಸೈಕಲ್ಲಿನ ಬ್ರೇಕ್ ಹಿಡಿದ. ರಸ್ತೆ ತುಂಬ ಸೇವಂತಿಗೆ ಚೆಲ್ಲಿತ್ತು. ಮಂಜು ಇನ್ನೂ ಬಿಟ್ಟಿರಲಿಲ್ಲ. ಯಾರ ಹೂವು, ಯಾಕೆ ಇಲ್ಲಿ ಎಂದು ಅವನು ಕಣ್ಣು ಕಿರಿದು ಮಾಡುತ್ತಿರುವಾಗಲೇ ಪಕ್ಕದ ಹಳ್ಳದಿಂದ ನರಳಿಕೆ ಕೇಳಿತು.

ಹಳ್ಳದಲ್ಲಿ ಹೂವಿನ ಪಾಪಯ್ಯ ಬಿದ್ದಿದ್ದ. ಬಲಗಾಲು ಇರಬಾರದ ಕಡೆಗೆ ತಿರುಗಿತ್ತು. ಸೈಕಲ್ಲಿನ ಹಿಂದಿನ ಚಕ್ರ ಮಡಚಿ ಅಪ್ಪಳದ ಹಾಗಾಗಿತ್ತು.

ತಿಮ್ಮರಾಯಪ್ಪ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಹೊಸೂರು ಹತ್ತಿರದ ತಳಿ ಊರಿನ ಪೊಲೀಸ್ ಸ್ಟೇಷನ್ನಿಗೆ ಓಡಿದ.

ಅದು ೧೯೭೯ರ ಆಯುಧಪೂಜೆಯ ಮಾರನೆ ದಿನ. ಸ್ಟೇಷನ್ನಿನಲ್ಲಿ ಇದ್ದವರು ಹೆಡ್ ಕಾನ್‌ಸ್ಟೇಬಲ್ ಅಶ್ವತ್ಥಪ್ಪ ಒಬ್ಬರೇ. ದಪ್ಪ ಮೀಸೆ, ಮೆತ್ತಗಿನ ಮಾತು. ಕೃಷ್ಣಗಿರಿಯಲ್ಲಿ ಬಹಳ ಕಾಲ ಇಲಾಖೆಯ ಜೀಪು ಓಡಿಸಿ, ಆ ಜೀಪು ಕೆಟ್ಟಾಗಲೆಲ್ಲ ತಾವೇ ಬಿಚ್ಚಿ ಕಟ್ಟಿ, ಸೊಂಟ ಹಿಡಿದ ಮೇಲೆ ತಳಿಗೆ ಬಂದವರು. ಮನುಷ್ಯರ ಮಾತಿನಷ್ಟೇ ಗಮನ ಕೊಟ್ಟು ಎಂಜಿನ್ನಿನ ಮಾತನ್ನೂ ಕೇಳುವ ಅಭ್ಯಾಸ ಅವರಿಗೆ ಅಲ್ಲಿಂದಲೇ ಅಂಟಿಕೊಂಡಿತ್ತು.

ಅವರು ಬಂದಾಗ ಪಾಪಯ್ಯನಿಗೆ ಎಚ್ಚರವಿತ್ತು.

"ಯಾರು ಪಾಪಯ್ಯ? ಏನು ಗುದ್ದಿತು?"

"ಕಾರು ಕಣಣ್ಣ. ಹಿಂದಿಂದ ಬಂತು. ನಾನು ತಿರುಗೋದ್ರೊಳ್ಗೇ..."

"ನಂಬರು ನೋಡಿದೆಯಾ?"

"ಈ ಮಂಜ್ನಾಗೆ ನನ್ ಕೈಯೇ ನಂಗೆ ಕಾಣ್ತಿರ್ಲಿಲ್ಲ. ಸದ್ದು ಕೇಳ್ದೆ. ಕುಂಟ್ತಾ ಇತ್ತು. ಟಪ್ ಟಪ್ ಟಪ್, ಒಂದ್ ಬಿಟ್ಟು, ಮತ್ತೆ ಟಪ್ ಟಪ್ ಟಪ್." ಅವನ ಕಣ್ಣು ತುಂಬಿತು. "ಒಂದ್ ಗಳಿಗೆ ನಿಂತ್ಕಂತು. ಬಾಗ್ಲು ತೆಗ್ದಿದ್ದೂ ಕೇಳುಸ್ತು. ಆಮ್ಯಾಕೆ ಹೊಂಟೋಯ್ತು. ನಮ್ ರಾಮಾಂಜಿನಿ ಗಾಡಿ ಅಣ್ಣಾ. ಕುಂಟೋ ಗಾಡಿ ಈ ರಸ್ತೇಲಿ ಇನ್ಯಾರ್ದೈತೆ? ನನ್ನ ನೋಡ್ಬುಟ್ಟೂ ಹೋಗ್ಬುಟ್ನಲ್ಲ!"

ಮೊದಲ ಬಸ್ಸು ಬಂತು. ಪಾಪಯ್ಯನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊಸೂರು ಆಸ್ಪತ್ರೆಗೆ ಸಾಗಿಸಿದರು. ಅಶ್ವತ್ಥಪ್ಪ ರಸ್ತೆ ನೋಡಿದರು. ಗಾಜಿನ ಚೂರಿಲ್ಲ, ಬಣ್ಣದ ಸಿಪ್ಪೆಯಿಲ್ಲ. ಹೂವಿನ ನಡುವೆ ಬೆರಳುದ್ದದ ಬಾಳೆದಿಂಡಿನ ಚೂರು ಬಿದ್ದಿತ್ತು. ಹೂವಿನವರ ಬುಟ್ಟಿಯಲ್ಲಿ ಬಾಳೆ ಇದ್ದೇ ಇರುತ್ತದೆ ಎಂದುಕೊಂಡು ಬಿಸಾಕಲು ಹೋದರು. ಆಮೇಲೆ ಏನನ್ನಿಸಿತೋ, ಜೇಬಿಗೆ ಹಾಕಿಕೊಂಡರು.

* * *

ರಾಮಾಂಜಿನಪ್ಪ ತಳಿಯ ಟ್ಯಾಕ್ಸಿಯವನು. ಅವನ ಹಳೆಯ ಅಂಬಾಸಿಡರು ಒಂದೆರಡು ತಿಂಗಳಿಂದ ಕುಂಟುತ್ತಿತ್ತು. "ನಾಕು ಸಿಲಿಂಡರಿಗೆ ಬಾಡಿಗೆ ತಗಂಡು ಮೂರ್ರಲ್ಲೇ ಕರ್ಕಂಡೋಗ್ತಾನೆ" ಎಂದು ಸಂತೆಯಲ್ಲಿ ಎಲ್ಲರೂ ನಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಕಾರು ಸ್ಟೇಷನ್ ಅಂಗಳದಲ್ಲಿ ನಿಂತಿತ್ತು. ಸಬ್ ಇನ್‌ಸ್ಪೆಕ್ಟರ್ ಅದನ್ನು ಒಂದು ಸುತ್ತು ಹಾಕಿದರು. ಧರ್ಮಪುರಿಯ ಕಡೆಯವರು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು, ತಮಿಳಿನ ಎಳೆ ಹಿಡಿದು.

"ಎನ್ನಯ್ಯಾ ಇದು? ಎಷ್ಟು ನೆಗ್ಗು! ಇದರಲ್ಲಿ ಹೊಸದು ಯಾವುದು ಅಂತ ಹೇಳೋದು?"

"ಯಾವ್ದೂ ಹೊಸದಲ್ಲ ಸಾ," ಎಂದ ರಾಮಾಂಜಿನಪ್ಪ. "ಬೆಳಗ್ಗೆ ಆ ದಾರೀಲೇ ಹೋದೆ, ಸುಳ್ಳು ಹೇಳಲ್ಲ. ಹೊಸೂರಿಂದ ಒಬ್ಬರನ್ನ ಕರ್ಕಂಬರ್ಬೇಕಿತ್ತು. ನಾನು ಹೋದಾಗ ರಸ್ತೇಲಿ ಒಂದ್ ನಾಯೀನೂ ಇರ್ಲಿಲ್ಲ. ಪಾಪಯ್ಯ ಸಿಕ್ಕಿದ್ರೆ ಬುಟ್ಟಿ ಸಮೇತ ಹತ್ತುಸ್ಕಂತಿದ್ದೆ. ಅವ್ನೂ ನಾನೂ ಒಂದೇ ಕೆರೇಲಿ ಈಜು ಕಲ್ತೋರು."

"ಅವನೇ ನಿನ್ನ ಹೆಸರು ಹೇಳಿದಾನಪ್ಪ," ಎಂದರು ಎಸ್.ಐ.

ರಾಮಾಂಜಿನಪ್ಪ ಕಾರಿಗೆ ಒರಗಿ ನಿಂತ.

ಅಷ್ಟರಲ್ಲಿ ಕೆನೆ ಬಣ್ಣದ ಹೊಸ ಫಿಯೆಟ್ ಕಾರೊಂದು ಬಂದು ನಿಂತಿತು. ಇಳಿದವರು ಚನ್ನಕೇಶವ. ಮಂಡ್ಯದ ಕಡೆಯವರು, ಹೊಸೂರಿನಲ್ಲಿ ಬೋಲ್ಟು ನಟ್ಟು ಮಾಡುವ ಸಣ್ಣ ಕಾರ್ಖಾನೆ ಇಟ್ಟವರು, ತಳಿಯ ಸಾಕಮ್ಮನ ಅಳಿಯ. ಹಬ್ಬಕ್ಕೆ ಅತ್ತೆಮನೆಗೆ ಬಂದಿದ್ದವರು ಆ ಬೆಳಿಗ್ಗೆಯೇ ಹೊಸೂರಿಗೆ ಹೊರಟಿದ್ದರಂತೆ. ಹೆಂಡತಿಯನ್ನು ಕರೆದೊಯ್ಯಲು ಮತ್ತೆ ಬಂದಾಗ ಸುದ್ದಿ ತಿಳಿಯಿತಂತೆ.

"ನನಗೆ ಗೊತ್ತಿರುವುದನ್ನು ಹೇಳುವುದು ಧರ್ಮ ಅನ್ನಿಸಿತು," ಎಂದರು. "ಕೆರೆ ಬರುವ ಮೊದಲೇ ಈ ಟ್ಯಾಕ್ಸಿಯನ್ನು ಹಿಂದೆ ಹಾಕಿ ನಾನು ಮುಂದೆ ಹೋದೆ. ಕುಂಟುತ್ತಾ ಬರುತ್ತಿತ್ತು. ಆಮೇಲೆ ಏನಾಯಿತೋ ನನಗೆ ತಿಳಿಯದು. ಪಾಪ, ಆ ಹೂವಿನವನನ್ನು ನೋಡಿಕೊಂಡು ಬರುತ್ತೇನೆ."

"ಅಯ್ಯೋ, ನನ್ನ ಯಾವ ಗಾಡೀನೂ ದಾಟ್ಲಿಲ್ಲ!" ಎಂದು ರಾಮಾಂಜಿನಪ್ಪ ಕೂಗಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಚನ್ನಕೇಶವ ಹೋದ ಮೇಲೆ ಎಸ್.ಐ. ಕೈ ಒರೆಸಿಕೊಂಡರು. "ಮುಗೀತು. ಸೋಮವಾರ ಹೊಸೂರು ಕೋರ್ಟಿಗೆ ಹಾಕ್ತೀನಿ. ಲೈಸೆನ್ಸೂ ಹೋಗುತ್ತೆ, ಪರ್ಮಿಟ್ಟೂ ಹೋಗುತ್ತೆ. ಮನೆಗೆ ಹೋಗಯ್ಯಾ, ಕಾರು ಇಲ್ಲೇ ಇರಲಿ."

ರಾಮಾಂಜಿನಪ್ಪ ಮನೆಗೆ ಹೋಗಲಿಲ್ಲ. ಕಾರಿನ ಪಕ್ಕದ ಕಲ್ಲಿನ ಮೇಲೆ ಕೂತ. ಅಶ್ವತ್ಥಪ್ಪ ಹತ್ತಿರ ಹೋದರು. ಆಗಲೇ ಅವರಿಗೆ ಕಂಡದ್ದು: ಕಾರಿಗೆ ಕುಂಕುಮದ ಬೊಟ್ಟಿಲ್ಲ, ಹೂವಿನ ದಾರವಿಲ್ಲ.

"ಯಾಕ್ಲಾ, ಪೂಜೆ ಮಾಡ್ಲಿಲ್ವಾ?"

"ಸೂತಕ ಕಣಣ್ಣ. ದೊಡ್ಡಪ್ಪ ತೀರ್ಕಂಡ. ಈ ವರ್ಷ ಗಾಡಿಗೆ ಒಂದ್ ಬಾಳೆಕಂದೂ ಕಟ್ಲಿಲ್ಲ."

ಅಶ್ವತ್ಥಪ್ಪನವರ ಕೈ ಜೇಬಿಗೆ ಹೋಯಿತು. ಪಾಪಯ್ಯನ ಬುಟ್ಟಿಯಲ್ಲಿ ಬಾಳೆ ಎಲೆ ಇತ್ತು, ನಾರು ಇತ್ತು. ದಿಂಡು ಎಲ್ಲಿಂದ ಬರಬೇಕು? ದಿಂಡು ಇರುವುದು ಹಬ್ಬಕ್ಕೆ ಬಂಪರಿನ ಎರಡೂ ಕಡೆ ಕಟ್ಟುವ ಬಾಳೆಕಂದಿನಲ್ಲಿ.

ಚೂರು ತೋರಿಸಿ ಹೇಳಿದಾಗ ಎಸ್.ಐ. ತಲೆ ಅಡ್ಡ ಆಡಿಸಿದರು. "ನಿನ್ನೆ ಈ ರಸ್ತೇಲಿ ಹೋದ ಲಾರಿ ಬಸ್ಸಿಗೆಲ್ಲ ಬಾಳೆ ಇತ್ತು ಅಶ್ವತ್ಥಪ್ಪ. ಯಾವುದೋ ಬೀಳಿಸಿರುತ್ತೆ. ಕುಂಟೋ ಗಾಡಿ ಒಂದೇ ತಾನೆ?"

ಅಶ್ವತ್ಥಪ್ಪ ಚೂರನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

* * *

ಎಸ್.ಐ. ಕೇಳಿದ್ದಕ್ಕೆ ಉತ್ತರವನ್ನು ಅವರು ಟ್ಯಾಕ್ಸಿಯ ಬಾನೆಟ್ಟಿನ ಕೆಳಗೆ ಹುಡುಕಿದರು.

"ಸ್ಟಾರ್ಟ್ ಮಾಡು."

ಎಂಜಿನ್ ಕುಂಟುತ್ತ ಎದ್ದಿತು. ಅಶ್ವತ್ಥಪ್ಪ ಕೈಗೆ ಒಣ ಬಟ್ಟೆ ಸುತ್ತಿಕೊಂಡು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎತ್ತಿದರು. ಮೊದಲನೆಯದು ಎತ್ತಿದಾಗ ಎಂಜಿನ್ ಇನ್ನಷ್ಟು ಸೊರಗಿತು. ಅಂದರೆ ಆ ಸಿಲಿಂಡರ್ ದುಡಿಯುತ್ತಿದೆ. ಎರಡನೆಯದೂ ಹಾಗೇ. ಮೂರನೆಯದು ಎತ್ತಿದರು. ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ.

"ಇವನೇ ಸೋಮಾರಿ," ಎಂದರು. ಅದರ ಪ್ಲಗ್ಗನ್ನು ಬೇರೆ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತಂದರು. ಆದರೂ ಮೂರನೆಯದೇ ಸತ್ತಿತ್ತು. ತಪ್ಪು ಪ್ಲಗ್ಗಿನದಲ್ಲ. ಎಂಜಿನ್ ಆಫ್ ಮಾಡಿಸಿ, ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರು. ರಾಮಾಂಜಿನಪ್ಪ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ. ಬೇರೆ ಮೂರು ಕಡೆ ಗಾಳಿ ಬೆರಳನ್ನು ಚಿಮ್ಮಿಸಿತು. ಇಲ್ಲಿ ಮಾತ್ರ ಮುದುಕಿ ಒಲೆ ಊದಿದ ಹಾಗೆ ಪುಸ್ ಎಂದಿತು.

"ವಾಲ್ವ್ ಸುಟ್ಟೋಗೈತೆ ಕಣ್ಲಾ. ಗಾಳಿ ನಿಲ್ತಿಲ್ಲ. ಎಂಜಿನ್ ಹೆಡ್ಡು ಬಿಚ್ಚಿ ವಾಲ್ವ್ ಮಸೆದು ಕೂರಿಸ್ಬೇಕು."

"ಈಗ್ಯಾಕಣ್ಣ ಆ ಮಾತು," ಎಂದ ರಾಮಾಂಜಿನಪ್ಪ. "ಗಾಡೀನೇ ಇರಲ್ಲ ಅಂತಾವ್ರೆ."

"ಹೊಸೂರಿಗೆ ಹೋಗ್ತಾ ಹೋಗ್ತಾ ಸರಿ ಹೋಗುತ್ತಾ? ಬಿಸಿಯಾದ ಮೇಲೆ?"

"ಎಲ್ಲಣ್ಣ! ಹೋಗೋವಾಗ್ಲೂ ಕುಂಟು, ಬರೋವಾಗ್ಲೂ ಕುಂಟು. ಮಳೆ, ಬಿಸಿಲು, ಎಲ್ಲ ಒಂದೇ."

ಅಶ್ವತ್ಥಪ್ಪ ಬಾನೆಟ್ ಮುಚ್ಚಿದರು. ಸುಟ್ಟ ವಾಲ್ವು ಯಾವ ದಾರಿಯಲ್ಲೂ ತಾನಾಗಿ ವಾಸಿಯಾಗುವುದಿಲ್ಲ.

* * *

ಕೆರೆ ದಾಟಿದ ಮೇಲೆ ಸಿಗುವುದು ಪಿಳ್ಳಮ್ಮನ ಟೀ ಅಂಗಡಿ. ಪಾಪಯ್ಯ ದಿನಾ ಹೂವಿನ ಬುಟ್ಟಿಯನ್ನು ಬಸ್ಸಿಗೆ ಹಾಕುತ್ತಿದ್ದುದು ಅಲ್ಲೇ. ಪಿಳ್ಳಮ್ಮ ಟೀ ಕೊಡುವ ಮೊದಲೇ ಮಾತು ಕೊಟ್ಟಳು.

"ಆ ರಾಮಾಂಜಿನಿ ಹಿಂಗ್ ಮಾಡ್ತಾನೆ ಅಂತ ಕನಸ್ನಾಗೂ ಅನ್ಕಂಡಿರ್ಲಿಲ್ಲ. ಎಲ್ಡು ಸಲ ಕೇಳ್ದೆ ಅವ್ನ ಗಾಡಿ. ಒಲೆ ಹಚ್ತಾ ಇದ್ದೆ, ಆವಾಗೊಂದ್ಸಲ. ಡಿಕಾಕ್ಷನ್ ಇಳಿಸ್ದೆ, ಆವಾಗ ಇನ್ನೊಂದ್ಸಲ."

"ಒಂದ್ಸಲ ಹೋಗಿದ್ದು, ಒಂದ್ಸಲ ಬಂದಿದ್ದಾ?"

"ಅದೆಂಗಾಯ್ತದೆ? ಎಲ್ಡು ಸಲಾನೂ ಹೊಸೂರ್ ಕಡೀಕೇ ಹೋಗಿದ್ದು."

ಅಶ್ವತ್ಥಪ್ಪ ಲೋಟ ಕೆಳಗಿಟ್ಟರು. "ಮಧ್ಯ ವಾಪಸ್ ಬರ್ಲಿಲ್ವಾ?"

"ನನ್ ಅಂಗ್ಡಿ ಮುಂದೆ ದಾಟ್ದೆ ವಾಪಸ್ ಹೋಗಕೆ ಅದೇನು ಹದ್ದಾ?"

"ಇನ್ಯಾವ ಕಾರು ಹೋಯಿತು? ಚೆನ್ನಾಗಿರೋದು, ಕುಂಟದೇ ಇರೋದು?"

"ಒಂದೂ ಇಲ್ಲ ಕಣಪ್ಪ. ಆ ಎಲ್ಡು ಸಲ ಬಿಟ್ರೆ ಆಮ್ಯಾಕೆ ಬಂದಿದ್ದು ಬಸ್ಸೇ." ತಾನು ಹೇಳಿದ್ದು ಅವಳಿಗೇ ಈಗ ಕೇಳಿಸಿದ ಹಾಗಾಯಿತು. "ಅಲ್ಲಾ... ಒಂದೇ ಗಾಡಿ ಎಲ್ಡು ಸಲ ಅತ್ಲಾಗೇ ಹೆಂಗೋಯ್ತು?"

"ಅದನ್ನೇ ನಾನೂ ಕೇಳ್ತಿರೋದು ತಾಯಿ."

ಕುಂಟುವ ಕಾರು ಎರಡು. ಒಂದು ರಾಮಾಂಜಿನಪ್ಪನದು. ಇನ್ನೊಂದು? ಆ ಹೊತ್ತಿಗೆ ಆ ರಸ್ತೆಯಲ್ಲಿ ಹೋದೆನೆಂದು ಬಾಯಿಬಿಟ್ಟು ಹೇಳಿದವರು ಮತ್ತೊಬ್ಬರೇ. ಆದರೆ ಅವರ ಫಿಯೆಟ್ಟು ಹೊಸದು. ಸ್ಟೇಷನ್ನಿಗೆ ಬಂದಾಗ ಹೊಲಿಗೆ ಮೆಷಿನ್ನಿನ ಹಾಗೆ ಓಡುತ್ತಿದ್ದುದನ್ನು ಅಶ್ವತ್ಥಪ್ಪ ತಮ್ಮ ಕಿವಿಯಿಂದಲೇ ಕೇಳಿದ್ದರು.

* * *

ಮೂರ್ನಾಲ್ಕು ದಿನ ಕಳೆದು ಅಶ್ವತ್ಥಪ್ಪ ಹೊಸೂರು ಆಸ್ಪತ್ರೆಗೆ ಹೋದಾಗ ಪಾಪಯ್ಯನ ಕಾಲಿಗೆ ಸಿಮೆಂಟು ಕಟ್ಟು ಬಿದ್ದಿತ್ತು. ಮಂಚದ ಪಕ್ಕ ಸೇಬು, ಮೂಸಂಬಿ, ಬ್ರೆಡ್ಡು.

"ಚನ್ನಕೇಶವಯ್ನೋರು ದಿನಾ ಬತ್ತಾರೆ ಅಣ್ಣಾ. ಎಂಥ ಮನುಷ್ಯ! ಯಾವತ್ತೂ ಮಾತಾಡ್ಸಿದ್ದೋರಲ್ಲ. ಮೊನ್ನೆ ನನ್ ಕಾಲು ನೋಡಿ ಅವ್ರ ಕಣ್ಣಾಗೆ ನೀರು ಬಂತು."

"ಹೌದಾ," ಎಂದರು ಅಶ್ವತ್ಥಪ್ಪ. "ರಾಮಾಂಜಿನಿ ಬಂದು ನೋಡ್ತೀನಿ ಅಂತಾನೆ."

ಪಾಪಯ್ಯ ಗೋಡೆ ಕಡೆ ಮುಖ ತಿರುಗಿಸಿದ. "ಕಾಲು ಕೂಡ್ಕಂತದಂತೆ. ಡಾಕ್ಟ್ರು ಹೇಳವ್ರೆ. ಇದು ಕೂಡಲ್ಲ ಕಣಣ್ಣ. ಬ್ಯಾಡ ಅನ್ನು."

ಅಲ್ಲಿಂದ ಅಶ್ವತ್ಥಪ್ಪ ಚನ್ನಕೇಶವರ ಕಾರ್ಖಾನೆಗೆ ಹೋದರು. ಗೇಟಿನಲ್ಲಿ ಕಾವಲುಗಾರ ಗೋಪಾಲಪ್ಪ ಬೀಡಿ ಆರಿಸಿ ಎದ್ದು ನಿಂತ. ಅದೂ ಇದೂ ಮಾತಾಯಿತು. ಕಾರಿನ ಮಾತೂ ಬಂತು.

"ಹಬ್ಬದ ಮಾರನೆ ದಿನಾನಾ? ಕುಂಟೋದಾ! ನಮ್ ಸಾಹೇಬ್ರ ಗಾಡಿ ಗೇಟಿಗೆ ಬಂದಿದ್ದೇ ಗೊತ್ತಾಗಲ್ಲ, ಅಷ್ಟು ನೈಸು. ಅವತ್ತೂ ಅಂಗೇ ಬಂತು. ಬೇಜಾರಾಗಿದ್ದು ಒಂದೇ."

"ಏನು?"

"ಹಬ್ಬ ಆದ್ಮೇಲೆ ಬಾಳೆಕಂದು ನಮ್ ಹಸೂಗೆ ಕೊಡ್ತಾರೆ, ಪ್ರತಿ ವರ್ಷ. ಈ ಸಲ ಒಂದೇ ಕಡೆ ಇತ್ತು. ಎಡಗಡೇದು ಬರೀ ದಾರ. ಎಲ್ಲಿ ಸಾಮಿ ಇನ್ನೊಂದು ಅಂದ್ರೆ, ಬಿತ್ತು ಹೋಗಯ್ಯಾ ಅಂತ ರೇಗುಬುಟ್ರು. ಯಾವತ್ತೂ ರೇಗೋರಲ್ಲ."

ಅಶ್ವತ್ಥಪ್ಪ ಬಸ್ಸಿನಲ್ಲಿ ತಳಿಗೆ ವಾಪಸಾಗುವಾಗ ಕಿಟಕಿಗೆ ತಲೆ ಆನಿಸಿ ಯೋಚಿಸಿದರು. ಪಿಳ್ಳಮ್ಮನ ಅಂಗಡಿ ಮುಂದೆ ಕುಂಟಿದ ಕಾರು ಹೊಸೂರು ಗೇಟಿಗೆ ಬರುವಷ್ಟರಲ್ಲಿ ವಾಸಿಯಾಗಿತ್ತು. ಓಡುತ್ತ ಓಡುತ್ತ ಬಿಸಿಯಾಗಿ ವಾಸಿಯಾಗುವ ರೋಗ ಯಾವುದು? ತೇವ. ಎಲ್ಲೋ ಮಂಜಿನ ತೇವ ಕೂತು ಕರೆಂಟು ಸೋರುತ್ತಿರಬೇಕು. ಆದರೆ ಹೊಸ ಕಾರಿನ ಹೊಸ ಪ್ಲಗ್ಗಿನ ಪಿಂಗಾಣಿ ಕನ್ನಡಿಯ ಹಾಗೆ ನುಣುಪು. ಅದರ ಮೇಲೆ ತೇವ ನಿಲ್ಲುವುದಾದರೂ ಹೇಗೆ?

ಬಸ್ಸಿನ ಡ್ರೈವರು ಗೇರು ಹಾಕಿದ. ಸ್ಟಿಯರಿಂಗಿನ ಮೇಲೆ, ಗೇರಿನ ಗುಬುಟಿನ ಮೇಲೆ, ಮೀಟರಿನ ಗಾಜಿನ ಮೇಲೆ ಹಬ್ಬದ ಗಂಧ ಕುಂಕುಮ ಇನ್ನೂ ಅಂಟಿತ್ತು.

ಅಶ್ವತ್ಥಪ್ಪ ಸೆಟೆದು ಕೂತರು.

* * *

ಭಾನುವಾರ ಬೆಳಿಗ್ಗೆ ತಳಿಯಲ್ಲಿ ಮಂಜು ಸುರಿಯುತ್ತಿತ್ತು. ಸಾಕಮ್ಮನ ಮನೆ ಮುಂದೆ, ಬಯಲಿನಲ್ಲಿ, ಫಿಯೆಟ್ಟು ರಾತ್ರಿಯೆಲ್ಲ ನೆನೆದು ನಿಂತಿತ್ತು. ಚನ್ನಕೇಶವ ಹಿಂದಿನ ಸಂಜೆಯೇ ಅತ್ತೆಮನೆಗೆ ಬಂದಿದ್ದರು. ಅಶ್ವತ್ಥಪ್ಪ ಎಸ್.ಐ. ಅವರನ್ನು ಹೇಗೋ ಒಪ್ಪಿಸಿ ಕರೆತಂದಿದ್ದರು. ಕೋಟಿನ ಕಾಲರು ಎತ್ತಿಕೊಂಡು ಅವರು ಗೊಣಗುತ್ತಿದ್ದರು.

ಸಾಕಮ್ಮ ಸಂಭ್ರಮದಿಂದ ಬಾಗಿಲಿಗೆ ಬಂದಳು. "ಬನ್ನಿ ಸಾಮಿ, ಕಾಪಿ ಕುಡೀರಿ!"

"ಆಮೇಲೆ ತಾಯಿ. ಅಳಿಯಂದಿರ ಕಾರು ಭಾರಿ ಚೆನ್ನಾಗೈತೆ. ಪೂಜೆ ಯಾರು ಮಾಡಿದ್ದು?"

"ಇನ್ಯಾರು, ನಾನೇ!" ಸಾಕಮ್ಮ ಸೆರಗು ಸಿಕ್ಕಿಸಿಕೊಂಡಳು. "ಚಕ್ರಕ್ಕಷ್ಟೇ ಕುಂಕುಮ ಇಟ್ಟು ಕೈ ತೊಳ್ಕೊಳ್ಳೋ ಪೈಕಿ ಅಲ್ಲ ನಾನು. ಮುಚ್ಳ ತೆಗಿಸಿ, ಒಳ್ಗಡೆ ಒಂದೊಂದು ಅಂಗಕ್ಕೂ ಗಂಧ ತೇದು ಬಳ್ದು ಕುಂಕುಮ ಇಟ್ಟೆ. ಆ ಬಿಳೀ ಬಿಳೀ ಗಿಣ್ಣು ನಾಕು ಐತಲ್ಲ, ಅವಕ್ಕೂನೂವೆ."

ಚನ್ನಕೇಶವ ಹೊರಗೆ ಬಂದರು. ಪೊಲೀಸರನ್ನು ಕಂಡು ಒಂದು ಕ್ಷಣ ನಿಂತರು.

"ಸ್ವಲ್ಪ ಗಾಡಿ ಸ್ಟಾರ್ಟ್ ಮಾಡ್ತೀರಾ ಸ್ವಾಮಿ?" ಎಂದರು ಅಶ್ವತ್ಥಪ್ಪ.

"ಯಾಕೆ?"

"ಸುಮ್ನೆ. ಕೇಳೋ ಆಸೆ."

ಚನ್ನಕೇಶವ ಕೀಲಿ ತಿರುಗಿಸಿದರು. ಎಂಜಿನ್ ಎದ್ದಿತು. ಟಪ್ ಟಪ್ ಟಪ್, ಒಂದು ಬಿಟ್ಟು, ಮತ್ತೆ ಟಪ್ ಟಪ್ ಟಪ್. ಕಾರು ನಿಂತಲ್ಲೇ ನಡುಗುತ್ತಿತ್ತು.

ಎಸ್.ಐ. ಕಾಲರು ಇಳಿಸಿದರು.

"ಅಯ್ಯೋ, ಇದೇನು!" ಎಂದಳು ಸಾಕಮ್ಮ. "ಹಬ್ಬದ ಮಾರನೆ ದಿನಾನೂ ಹಿಂಗೇ ಕೆಮ್ತಾ ಹೋಯ್ತಲ್ಲ ಅಳಿಯಂದ್ರೇ! ರಿಪೇರಿ ಮಾಡಿಸ್ಲಿಲ್ವಾ?"

ಚನ್ನಕೇಶವರ ಮುಖದ ಬಣ್ಣ ಇಳಿಯಿತು. ಸಾಕಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತಾನೇನು ತಪ್ಪು ಆಡಿದೆನೆಂದು ಅವಳಿಗೆ ತಿಳಿಯಲಿಲ್ಲ.

ಅಶ್ವತ್ಥಪ್ಪ ಬಾನೆಟ್ ಎತ್ತಿದರು. ಒಣ ಬಟ್ಟೆಯಲ್ಲಿ ವೈರುಗಳನ್ನು ಎತ್ತುತ್ತ ಬಂದರು. ಎರಡನೆಯದನ್ನು ಎತ್ತಿದಾಗ ಸದ್ದು ಬದಲಾಗಲಿಲ್ಲ. ಎಂಜಿನ್ ಆಫ್ ಮಾಡಿಸಿ ಎಸ್.ಐ. ಅವರನ್ನು ಕರೆದರು.

"ನೋಡಿ ಸಾರ್. ಬಿಳಿ ಪಿಂಗಾಣಿ ಮೇಲೆ ಗಂಧ, ಕುಂಕುಮ. ಮಂಜಿಗೆ ನೆಂದು ಪೇಸ್ಟಾಗಿದೆ. ಅದರ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತಾ? ಕಿಡಿ ಒಳಗೆ ಹೋಗಿ ಪೆಟ್ರೋಲ್ ಸುಡೋದು ಬಿಟ್ಟು, ಹೊರಗಡೆ ಈ ಒದ್ದೆ ದಾರೀಲಿ ಇಳಿದು ಎಂಜಿನ್ ಮೈಗೆ ಹೋಗ್ತಾ ಇದೆ. ಉಳಿದ ಮೂರರಲ್ಲಿ ಗಂಧ ತೆಳ್ಳಗಿದೆ, ತಪ್ಪಿಸಿಕೊಂಡಿವೆ. ನಾಲ್ಕೈದು ಮೈಲಿ ಓಡಿದರೆ ಬಿಸಿಗೆ ಒಣಗುತ್ತೆ. ಕುಂಟು ಮಾಯ."

ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಪಿಂಗಾಣಿಯನ್ನು ಉಜ್ಜಿದರು. ಒಣಗಲು ಬಿಟ್ಟು ವೈರು ಸಿಕ್ಕಿಸಿದರು. ಈ ಸಲ ಕೀಲಿ ತಿರುಗಿಸಿದ್ದು ಎಸ್.ಐ. ಎಂಜಿನ್ ನುಣ್ಣಗೆ ಗುನುಗಿತು.

"ಇವರು ಟ್ಯಾಕ್ಸಿ ದಾಟಿ ಮುಂದೆ ಹೋದೆ ಅಂದ್ರು ಸಾರ್. ಹಾಗಿದ್ರೆ ಪಿಳ್ಳಮ್ಮನಿಗೆ ಒಂದು ಕುಂಟು ಗಾಡಿ, ಒಂದು ನೆಟ್ಟಗಿನ ಗಾಡಿ ಕೇಳಬೇಕಿತ್ತು. ಕೇಳಿದ್ದು ಎರಡೂ ಕುಂಟೇ, ಎರಡೂ ಹೊಸೂರ ಕಡೆಗೇ. ಮೊದಲನೇದು ರಾಮಾಂಜಿನಪ್ಪ. ಅವನದು ಸುಟ್ಟ ವಾಲ್ವು, ಎಲ್ಲಿಗೆ ಹೋದರೂ ಕುಂಟುತ್ತೆ. ಎರಡನೇದು ಕೆರೆ ಹತ್ತಿರ ಕುಂಟಿ, ಹೊಸೂರಲ್ಲಿ ನೆಟ್ಟಗಾಗಿತ್ತು. ಕೆರೆ ಹತ್ತಿರ ಬಾಳೆದಿಂಡು ಬಿದ್ದಿತ್ತು. ಇವರ ಕಾರಿನ ಎಡಗಡೆ ಬಾಳೆಕಂದು ಕಾರ್ಖಾನೆ ಗೇಟಿಗೆ ಬರಲೇ ಇಲ್ಲ. ಸೈಕಲ್ಲಿಗೆ ತಾಗಿದ್ದು ಆ ಕಂದು. ಮೆತ್ತಗಿದ್ದದ್ದಕ್ಕೇ ಬಂಪರಿಗೆ ಗೀರಿಲ್ಲ. ಬಹುಶಃ ಪಾಪಯ್ಯನ ಜೀವ ಉಳಿದದ್ದೂ ಅದರಿಂದಲೇ."

ಚನ್ನಕೇಶವ ಜಗಲಿಯ ಮೇಲೆ ಕುಸಿದು ಕೂತರು.

"ಇಳಿದೆ," ಎಂದರು. "ಬಾಗಿಲು ತೆಗೆದು ಇಳಿದೆ. ನರಳುವುದು ಕೇಳಿಸಿತು. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಕಾಲು ಬರಲಿಲ್ಲ. ಊರಿಗೆ ಬಂದರೆ ಎಲ್ಲರೂ ಕುಂಟು ಟ್ಯಾಕ್ಸಿ, ಕುಂಟು ಟ್ಯಾಕ್ಸಿ ಅನ್ನುತ್ತಿದ್ದರು. ಹೌದು ಅಂದುಬಿಟ್ಟೆ."

"ಹಣ್ಣು ಬ್ರೆಡ್ಡು ತಗೊಂಡು ದಿನಾ ಹೋಗ್ತಿದ್ರಲ್ಲ," ಎಂದರು ಅಶ್ವತ್ಥಪ್ಪ. "ಒಂದ್ ದಿನ ಬಾಯಿ ಬಿಡ್ಬಾರ್ದಿತ್ತಾ?"

"ದಿನಾ ಅದಕ್ಕೇ ಹೋಗುತ್ತಿದ್ದೆ."

ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಳಿಯನ ಹತ್ತಿರ ಹೋಗಿ, ಅವರ ಪಕ್ಕದಲ್ಲಿ ಕೂತಳು.

* * *

ಸೋಮವಾರ ಕೋರ್ಟಿಗೆ ಹೋದ ಹೆಸರು ಬೇರೆ. ಎಸ್.ಐ. ರಾಮಾಂಜಿನಪ್ಪನಿಗೆ ಕೀಲಿ ಕೊಡುತ್ತ, "ನೀನು ಅವತ್ತು ಹೇಳಿದ್ದು ನಾನು ಕೇಳಲಿಲ್ಲಪ್ಪ," ಎಂದರು. ಅಷ್ಟು ಹೇಳಲು ಅವರಿಗೆ ಕಷ್ಟವಾಯಿತು, ಆದರೂ ಹೇಳಿದರು.

ರಾಮಾಂಜಿನಪ್ಪ ಕೀಲಿ ತೆಗೆದುಕೊಂಡು ಸೀದಾ ಹೊಸೂರಿಗೆ ಹೋದ. ಅಶ್ವತ್ಥಪ್ಪ ಮುಂಚೆಯೇ ಹೋಗಿ ಪಾಪಯ್ಯನಿಗೆ ಎಲ್ಲ ಹೇಳಿದ್ದರು. ವಾರ್ಡಿನ ಬಾಗಿಲಲ್ಲಿ ಹೆಜ್ಜೆ ಸದ್ದಾದಾಗ ಪಾಪಯ್ಯ ಮತ್ತೆ ಗೋಡೆ ಕಡೆಗೇ ತಿರುಗಿಕೊಂಡ. ಈ ಸಲ ನಾಚಿಕೆಗೆ.

ರಾಮಾಂಜಿನಪ್ಪ ಮಂಚದ ತುದಿಯಲ್ಲಿ ಕೂತ. ಸಿಮೆಂಟು ಕಟ್ಟನ್ನು ಬೆರಳಿನಿಂದ ತಟ್ಟಿ ನೋಡಿದ.

"ಗಟ್ಟಿಯಾಗೇ ಕಟ್ಟವ್ರೆ."

ಪಾಪಯ್ಯ ಗೋಡೆಯ ಸುಣ್ಣ ಕೆರೆದ.

"ಲೇ, ನಾನ್ ಗುದ್ದಿದ್ರೆ ನಿಲ್ಲಿಸ್ತಿರ್ಲಿಲ್ವೇನ್ಲಾ?"

"ನಿಲ್ಲಿಸ್ತಿದ್ದೆ ನೀನು," ಎಂದ ಪಾಪಯ್ಯ ಗೋಡೆಗೆ. "ಅದ್ಕೇ ಕಣ್ಲಾ ಅಷ್ಟು ಉರ್ದಿದ್ದು. ನೀನು ನಿಲ್ಲಿಸ್ದೆ ಹೋದೆ ಅಂತ. ಕಾಲ್ನೋವೇ ಗೊತ್ತಾಗ್ಲಿಲ್ಲ ಅವತ್ತು."

"ಈಗ ಗೊತ್ತಾಯ್ತಾ?"

"ಈಗ ಜೀವ ಹೋಯ್ತಾ ಐತೆ. ಆ ಸೇಬು ತತ್ತಾ ಇತ್ಲಾಗೆ."

ಪಾಪಯ್ಯನನ್ನು ಮನೆಗೆ ಕಳಿಸುವಷ್ಟರಲ್ಲಿ ಅಶ್ವತ್ಥಪ್ಪ ಮತ್ತು ರಾಮಾಂಜಿನಪ್ಪ ಸ್ಟೇಷನ್ ಹಿಂದಿನ ಹುಣಸೆ ಮರದಡಿ ಅಂಬಾಸಿಡರಿನ ಹೆಡ್ಡು ಇಳಿಸಿದ್ದರು. ಮೂರನೆಯ ಸಿಲಿಂಡರಿನ ವಾಲ್ವಿನ ಅಂಚು ಇಲಿ ಕಚ್ಚಿದ ಹಾಗಿತ್ತು. ಹೊಸ ವಾಲ್ವು ತಂದು, ಮಸೆಯುವ ಪೇಸ್ಟು ಸವರಿ, ಸರದಿಯ ಮೇಲೆ ಇಬ್ಬರೂ ವಾಲ್ವಿಗೆ ಅಂಟಿಸಿದ ಕೋಲನ್ನು ಅಂಗೈ ನಡುವೆ ತಿರುಗಿಸಿ ಕೂರಿಸಿದರು. ಎಸ್.ಐ. ಎರಡು ಸಲ ಬಂದು ಬಗ್ಗಿ ನೋಡಿ, ಒಂದು ಸಲ ತಾವೂ ಕೋಲು ತಿರುಗಿಸಿ ಹೋದರು.

ಆಸ್ಪತ್ರೆಯ ಮುಂದೆ ಪಾಪಯ್ಯ ಹಿಂದಿನ ಸೀಟಿಗೆ ಒಪ್ಪಲಿಲ್ಲ. ಮುಂದೆಯೇ, ಕಟ್ಟಿದ ಕಾಲನ್ನು ಉದ್ದಕ್ಕೆ ಚಾಚಿ ಕೂತ. ಕಾರು ಹೊಸೂರು ದಾಟಿತು, ಮತ್ತಿಗಿರಿ ದಾಟಿತು. ಏರಿನಲ್ಲೂ ಎಂಜಿನ್ ಮುಗ್ಗರಿಸಲಿಲ್ಲ.

"ನಾಳೆಯಿಂದ ಹೂವಿನ ಬುಟ್ಟಿ ನಿನ್ ಡಿಕ್ಕೀಲಿ," ಎಂದ ಪಾಪಯ್ಯ. "ಕಾಲು ಕೂಡೋಗಂಟ."

"ಬಾಡಿಗೆ?"

"ಕಾಲು ಮುರ್ದೋನತ್ರ ಬಾಡಿಗೆ ಕೇಳಕೆ ನಾಚ್ಕೆ ಆಗಲ್ವೇನ್ಲಾ?"

"ಆಯ್ತದೆ. ಆದ್ರೂ ಕೇಳ್ತೀನಿ."

"ಕೇಳು, ಕೇಳು. ಕೂಡಿದ್ಮ್ಯಾಕೆ ಒದ್ದು ಕೊಡ್ತೀನಿ."

ರಾಮಾಂಜಿನಪ್ಪ ನಗುತ್ತಾ ಗೇರು ಬದಲಾಯಿಸಿದ. ತಳಿಯ ಕಡೆಯ ತೋಟಗಳಲ್ಲಿ ಸೇವಂತಿಗೆಯ ಎರಡನೇ ಕೊಯ್ಲಿಗೆ ಮೊಗ್ಗು ಬಿರಿಯುತ್ತಿತ್ತು. ನಾಳೆ ಬೆಳಿಗ್ಗೆ ಬೇಗ ಏಳಬೇಕು ಎಂದು ಇಬ್ಬರೂ ಒಟ್ಟಿಗೇ ಅಂದರು.